ಲುಮ್ಮಿಗೆ ಹೊಸ ಹೆಸರು

೯ ಜನವರಿ

ಪ್ರೀತಿಯ ತಮ್ಮನಿಗೆ,

'ಇಲ್ಲಿ ನಾವೆಲ್ಲ ಕ್ಷೇಮ' ಎಂದು ಶುರುಮಾಡಿ, ಆಮೇಲೆ ಎರಡು ಪುಟ ಗೋಳು ಹೇಳಿಕೊಳ್ಳುವುದು ನಮ್ಮ ಮನೆಯ ಪದ್ಧತಿ. ಇವತ್ತು ಕ್ಷೇಮವನ್ನು ಬಿಟ್ಟು ನೇರವಾಗಿ ಗೋಳಿಗೇ ಬರುತ್ತೇನೆ.

ನಿನ್ನೆ ಬೆಳಿಗ್ಗೆ ಬೇಕರಿಗೆ ನಿಮ್ಮ ಇಲಾಖೆಯ ಇನ್‌ಸ್ಪೆಕ್ಟರ್ ಬಂದಿದ್ದ. ಮರ್ಯಾದಸ್ಥ. ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬಂದ, ಬಿಸಿಬಿಸಿ ಲುಮ್ಮಿ ಎರಡು ತಿಂದ, ಬಾಯಿ ಒರೆಸಿಕೊಂಡ, ಆಮೇಲೆ ಲುಮ್ಮಿ ಮಾರುವುದು ಅಪರಾಧ ಎಂದ.

"ಅಪರಾಧ ಅಂತ ಗೊತ್ತಿದ್ದೂ ಎರಡು ತಿಂದ್ರಲ್ಲ ಸಾರ್?"

"ತನಿಖೆ ಮೇಡಂ, ತನಿಖೆ."

ವಿಷಯ ಇಷ್ಟು. ಹೊಳೆಯಾಚೆಯ ಜನರೊಂದಿಗೆ ಹೋದ ವರ್ಷ ಶುರುವಾದ ಮನಸ್ತಾಪ ಈಗ ತಟ್ಟೆಗೆ ಇಳಿದಿದೆ. ಅವರ ಭಾಷೆಯ ಹೆಸರು ಹೊತ್ತ ತಿನಿಸನ್ನು ಈ ದಡದಲ್ಲಿ ಮಾರುವಂತಿಲ್ಲ, ಬೋರ್ಡಿನ ಮೇಲೆ ಬರೆಯುವಂತಿಲ್ಲ, ಕೂಗುವಂತಿಲ್ಲ. 'ಕೂಗುವಂತಿಲ್ಲ' ಎಂದು ಅವನು ಓದುವಾಗ ಅಮ್ಮ ಟ್ರೇ ಹಿಡಿದು ಬೆನ್ನ ಹಿಂದೆಯೇ ನಿಂತಿದ್ದಳು. ಭಟ್ಟಿಯಿಂದ ಟ್ರೇ ಹೊರಬಂದ ಕೂಡಲೇ ಬಾಗಿಲಿಗೆ ಬಂದು, ಇಕ್ಕಳದಿಂದ ಟ್ರೇಗೆ ಬಡಿದು ಅವಳು "ಲುಮ್ಮೀ!" ಎನ್ನುವುದು, ಅದನ್ನು ಕೇಳಿಯೇ ಅರ್ಧ ಬೀದಿ ಹಾಸಿಗೆ ಬಿಡುವುದು, ನಿನಗೆ ಗೊತ್ತಲ್ಲ? ನಿನ್ನೆ ಕೂಗಲಿಲ್ಲ. ಟ್ರೇ ಕೆಳಗಿಟ್ಟು, "ಮತ್ತೆ ಏನಂತ ಕೂಗ್ಲಪ್ಪ?" ಎಂದು ಅವನನ್ನೇ ಕೇಳಿದಳು. "ಸಮಿತಿ ಹೇಳುತ್ತೆ ಅಜ್ಜಿ" ಎಂದ.

ಆ ಸಮಿತಿಯಲ್ಲಿ ನೀನಿದ್ದೀಯ. ನಿಮ್ಮದು ನಾಮಕರಣ ಸಮಿತಿಯೋ, ನಾಮ ಹಾಕುವ ಸಮಿತಿಯೋ? ಅಮ್ಮನಿಗೆ ನೀನು ನಿಘಂಟಿನ ಆಫೀಸಿನಲ್ಲಿದ್ದೀಯ ಎಂದಷ್ಟೇ ಗೊತ್ತು. ಅವಳು ಮದುವೆಯಾಗಿ ಹೊಳೆ ದಾಟಿ ಬಂದಾಗ ತಂದದ್ದು ಎರಡೇ: ಆ ಗುಂಡು ರೊಟ್ಟಿ ಮಾಡುವ ಕೈ, ಅದನ್ನು ಕರೆಯುವ ಬಾಯಿ. ಕೈಯನ್ನು ನಾನು ಕಲಿತುಕೊಂಡೆ. ಬಾಯಿಗೆ ಏನು ಮಾಡುತ್ತೀಯೋ ನೀನು ನೋಡು.

ನಿನ್ನ ಅಕ್ಕ


೨೦ ಜನವರಿ

ಅಕ್ಕಾ,

ನಿನ್ನ ಕಾಗದವನ್ನು ಸಭೆಯ ನಡುವೆ ಮೇಜಿನ ಕೆಳಗಿಟ್ಟುಕೊಂಡು ಓದಿದೆ. ಹೊಳೆಯಾಚೆಯ ಹೆಸರುಗಳ ಜೊತೆಗೆ ಇಂಗ್ಲಿಷ್ ಹೆಸರುಗಳನ್ನೂ ತೊಡೆಯಲು ಸಮಿತಿ ಹೊರಟಿದೆ; ಮೇಜಿನ ಮೇಲೆ ಆಗ ಸ್ಯಾಂಡ್‌ವಿಚ್ಚಿನ ವಿಚಾರಣೆ ನಡೆದಿತ್ತು. ಒಬ್ಬರು 'ಇಬ್ಬದಿರೊಟ್ಟಿ' ಎಂದರು, ಇನ್ನೊಬ್ಬರು 'ಒಳತುಂಬಿ' ಎಂದರು. ಎರಡು ಬಣಗಳ ನಡುವೆ ಸಿಕ್ಕಿ ಸ್ಯಾಂಡ್‌ವಿಚ್ಚು ನಿಜವಾಗಿ ಸ್ಯಾಂಡ್‌ವಿಚ್ಚಾಯಿತು. ಐಸ್‌ಕ್ರೀಮಿನ ಕಡತ ಹೋದ ವಾರವೇ ಬಂದಿತ್ತು. ಒಮ್ಮತ ಮೂಡುವಷ್ಟರಲ್ಲಿ ಸಾಕ್ಷ್ಯ ಕರಗಿಹೋಯಿತು. ಸೂಪಿಗೆ ನಾನು 'ಹೀರುಸಾರು' ಸೂಚಿಸಿದೆ, ಅಧ್ಯಕ್ಷರು "ಸಾರವತ್ತಾಗಿದೆ" ಎಂದರು. ಅವರನ್ನು ನಾವು ಬೆನ್ನ ಹಿಂದೆ 'ಪದಪಿತಾಮಹ' ಎನ್ನುತ್ತೇವೆ. ತಾವು ಎಂದೂ ನಗುವುದಿಲ್ಲ. ಯಾರು ನಕ್ಕರೆಂದು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ಆಮೇಲೆ ಲುಮ್ಮಿಯ ಸರದಿ ಬಂತು. "ಇದು ನಿಮ್ಮ ಮನೆಯ ಬೇಕರಿಯದಲ್ಲವೇ? ಹೆಸರಿನ ಅರ್ಥವೇನು?" ಎಂದರು ಪಿತಾಮಹರು. ಇಡೀ ಸಭೆಯಲ್ಲಿ ಅರ್ಥ ಗೊತ್ತಿದ್ದವನು ನಾನೊಬ್ಬ. ಆದರೆ 'ಕಂಕುಳು' ಎಂದು ಹೇಗೆ ಹೇಳಲಿ? ಚಳಿಗಾಲದಲ್ಲಿ ಹಿಟ್ಟು ಉಬ್ಬಲೆಂದು ಅಮ್ಮನ ಕಡೆಯ ಹೆಂಗಸರು ಅದನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿದ್ದರೆಂಬ ಕಥೆಯನ್ನು ಕೋಟು ತೊಟ್ಟ ಅಷ್ಟು ಜನರ ಮುಂದೆ ಬಿಚ್ಚಲಾದೀತೇ? "ತಿಳಿಯದು" ಎಂದೆ.

ಈಗ ಗಮನವಿಟ್ಟು ಕೇಳು. ಕಾನೂನಿನಲ್ಲಿ ಎರಡು ದಾರಿಗಳಿವೆ. ತಿನಿಸೇ ಆಚೆದಡದ್ದು ಎಂದಾದರೆ ಮಾರಾಟ ಬಂದ್, ಅದನ್ನೇ ನೆಚ್ಚಿದ ಅಂಗಡಿಗೂ ಬೀಗ. ತಿನಿಸು ನಮ್ಮದು, ಹೆಸರು ಮಾತ್ರ ಆಚೆಯಿಂದ ಬಂದು ಅಂಟಿಕೊಂಡದ್ದು ಎಂದಾದರೆ ಹೆಸರು ಬದಲಾಯಿಸಿದರೆ ಸಾಕು. ಆದ್ದರಿಂದ ಒಂದು ಪುಟದ ಚರಿತ್ರೆ ಬರೆದು ಇದರೊಂದಿಗೆ ಕಳಿಸಿದ್ದೇನೆ. ಅದರ ಪ್ರಕಾರ ಈ ರೊಟ್ಟಿಯನ್ನು ಕಂಡುಹಿಡಿದವರು ನಮ್ಮ ಅಪ್ಪ. ಹೊಸ ಹೆಸರು 'ಹೊಂಗೋಳ'. ಹೊನ್ನಿನ ಬಣ್ಣದ ಗೋಳ. ಬಾಯಲ್ಲಿ ಹೇಗೆ ಉರುಳುತ್ತದೆ ನೋಡು! ಚರಿತ್ರೆಗೆ ಒಬ್ಬ ಸಾಕ್ಷಿ ಬೇಕು, ಸಾಕ್ಷಿ ಈ ದಡದಲ್ಲೇ ಹುಟ್ಟಿದವರಾಗಿರಬೇಕು. ಅಮ್ಮ ನಮ್ಮ ಬೀದಿಯಲ್ಲೇ ಹುಟ್ಟಿದವಳೆಂದು ಕೊನೆಯ ಸಾಲಿನಲ್ಲಿ ಸೇರಿಸಿದ್ದೇನೆ. ಇಲ್ಲಿ ಯಾರಿಗೂ ಅವಳ ಮೂಲ ಗೊತ್ತಿಲ್ಲ. ಸಹಿ ಹಾಕಿಸಿ ಕಳಿಸು. ಒಂದು ಪುಟದ ಸುಳ್ಳಿಗೆ ಒಂದು ಭಟ್ಟಿಯ ಬೆಂಕಿ ಉಳಿಯುವುದಾದರೆ ಸುಳ್ಳೂ ಸೌದೆಯೇ.

ನಿನ್ನ ತಮ್ಮ


೩ ಫೆಬ್ರವರಿ

ಪಂಡಿತರಿಗೆ,

ನಿಮ್ಮ ಚರಿತ್ರೆಯನ್ನು ಅಮ್ಮನಿಗೆ ಓದಿ ಹೇಳಿದೆ. 'ಒಂದು ಮುಂಜಾನೆ ಸ್ಫೂರ್ತಿಗೊಂಡ ಯಜಮಾನರು ಹಿಟ್ಟಿಗೆ ಗೋಳಾಕಾರವನ್ನು ದಯಪಾಲಿಸಿದರು' ಎಂಬಲ್ಲಿಗೆ ಅಮ್ಮ ನಕ್ಕು ನಕ್ಕು ಮೈದಾ ಮೂಟೆಯ ಮೇಲೆ ಕೂತುಬಿಟ್ಟಳು.

"ನಿಮ್ಮಪ್ಪಾನಾ? ಅವ್ರಿಗೆ ಸ್ಫೂರ್ತಿ ಬರ್ತಿದ್ದಿದ್ದು ಊಟ ಆದ್ಮೇಲೆ, ಅದೂ ಗೊರಕೆ ರೂಪದಲ್ಲಿ. ಭಟ್ಟಿ ಬಾಗ್ಲು ಯಾವ ಕಡೆ ತೆಗೆಯುತ್ತೆ ಅಂತಾನೂ ಗೊತ್ತಿರ್ಲಿಲ್ಲ ಪಾಪ."

ಕೊನೆಯ ಸಾಲಿಗೆ ನಗು ನಿಂತಿತು. "ಅದನ್ನ ಇನ್ನೊಂದ್ಸಲ ಓದು" ಎಂದಳು. ಓದಿದೆ.

"ಇದೇ ಬೀದೀಲಾ? ಯಾವ ಮನೇಲಂತೆ?"

"ಮನೆ ಯಾವುದು ಅಂತ ಬರೆದಿಲ್ಲಮ್ಮ."

"ಬರೀಬೇಕಿತ್ತು. ಹುಟ್ಟಿಸೋದೇ ಆದ್ರೆ ಆ ಮೂಲೆ ಮಹಡಿ ಮನೇಲಿ ಹುಟ್ಟಿಸ್ಬೇಕಿತ್ತು. ಗಾಳಿ ಬೆಳಕು ಚೆನ್ನಾಗಿದೆ." ಇಷ್ಟು ಹೇಳಿ ಹಿಟ್ಟು ನಾದಲು ಹೋದಳು. ಸಾಮಾನ್ಯವಾಗಿ ನಾದುವಾಗ ಏನಾದರೂ ಗುನುಗುತ್ತಾಳೆ. ಆ ದಿನ ಹಿಟ್ಟಿನ ಏಟು ಮಾತ್ರ ಕೇಳುತ್ತಿತ್ತು.

ಸಹಿ ಇನ್ನೂ ಹಾಕಿಲ್ಲ. ಈ ನಡುವೆ ಬೀದಿಯವರು ಲುಮ್ಮಿಗೆ ತಾವೇ ಒಂದು ಹೆಸರಿಟ್ಟಿದ್ದಾರೆ: 'ಅದು'. ಎದುರಿನ ದರ್ಜಿ ಬಂದು ಅತ್ತಿತ್ತ ನೋಡಿ "ಅದು ಇದ್ಯಾ?" ಎನ್ನುತ್ತಾನೆ, ನಾನು ಸೆರಗಿನ ಮರೆಯಲ್ಲಿ ಕಟ್ಟಿಕೊಡುತ್ತೇನೆ. ನೋಡಿದವರು ಏನೆಂದುಕೊಳ್ಳಬೇಕು? ಇನ್‌ಸ್ಪೆಕ್ಟರ್ "ಅದು ಅಂದ್ರೆ ಯಾವುದು?" ಎಂದರೆ "ಇದು" ಎಂದು ಬನ್ನು ತೋರಿಸುತ್ತೇನೆ. ಬನ್ನಿನಿಂದ ಇಷ್ಟು ಬನ್ನ ಪಟ್ಟವರು ಈ ಕಸುಬಿನಲ್ಲಿ ಬೇರೆ ಯಾರೂ ಇರಲಾರರು.

ನಗಬೇಡ. ಮೊನ್ನೆ ಶಟರಿನ ಮೇಲೆ ಯಾರೋ ಟಾರಿನಲ್ಲಿ 'ವಾಪಸ್ ದಾಟಿ' ಎಂದು ಬರೆದಿದ್ದರು. ಅಮ್ಮನಿಗೆ ನಮ್ಮ ಲಿಪಿ ಓದಲು ಬರುವುದಿಲ್ಲವಲ್ಲ ಎಂದು ಮೊದಲ ಸಲ ಸಮಾಧಾನಪಟ್ಟೆ. ನಾನು ಬಣ್ಣ ಬಳಿಯುವಾಗ ಬಂದು "ಏನದು?" ಎಂದಳು. "ಸೋಪಿನ ಜಾಹೀರಾತು" ಎಂದೆ. "ಇಷ್ಟು ಗಲೀಜಾಗಿ ಬರೆದ್ರೆ ಸೋಪು ಯಾರು ತಗೋತಾರೆ?" ಎಂದಳು. ಅವಳು ನಂಬಿದಳೋ, ನಂಬಿದಂತೆ ಮಾಡಿದಳೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅಕ್ಕ


೧೧ ಫೆಬ್ರವರಿ

ಮಗನೇ,

ನಾನು ಹೇಳ್ತೀನಿ, ನಿನ್ನಕ್ಕ ಬರೀತಾಳೆ. ನಡುನಡುವೆ ಮೂತಿ ತಿರುಗಿಸ್ತಾಳೆ, ಅದನ್ನ ಬರೆಯಲ್ಲ. (ಬರೆದೆ. — ಅಕ್ಕ)

ನಿನ್ನ ಕಾಗದಕ್ಕೆ ಒತ್ತಿದೀನಿ. ನನಗೆ ಬರೋ ಸಹಿ ನಮ್ಮ ಕಡೆ ಅಕ್ಷರದ್ದು. ಅದನ್ನ ಹಾಕಿದ್ರೆ ನಿನ್ನ ಚರಿತ್ರೆ ಅಲ್ಲೇ ಮಕಾಡೆ ಬೀಳುತ್ತೆ ಅಂದ್ಲು ಇವಳು. ಅದಕ್ಕೇ ಹೆಬ್ಬೆಟ್ಟು. ಓದು ಬರಹ ಬರೋಳು ಹೆಬ್ಬೆಟ್ಟು ಒತ್ತೋವಾಗ ಆ ಬೆರಳಿಗೇ ನಾಚಿಕೆ ಆಯ್ತು ಕಣೋ.

ರೊಟ್ಟಿ ಅಪ್ಪಂದು ಅಂದಿದೀಯ, ಇರ್ಲಿ. ಬದುಕಿದ್ದಾಗ ಅವ್ರಿಗೆ ನಾನು ಅಷ್ಟೊಂದು ಬೈದಿದೀನಿ, ಸತ್ತ ಮೇಲೆ ಇಷ್ಟಾದ್ರೂ ಸಿಗ್ಲಿ. ನಾನು ಎಲ್ಲಿ ಹುಟ್ಟಿದೆ ಅಂತ ನಿನಗೆ ಗೊತ್ತು, ಇವಳಿಗೆ ಗೊತ್ತು. ಕಾಗದಕ್ಕೆ ಗೊತ್ತಿಲ್ದಿದ್ರೆ ಏನಂತೆ.

ಹೊಸ ಹೆಸರು ಅಭ್ಯಾಸ ಮಾಡ್ತಿದೀನಿ. ಹೊಂಗೋಲ. ಹೊಂಗೋಲ. ಇವಳು ನಗ್ತಾಳೆ. ನಾಲಿಗೆ ಮಡಚ್ಬೇಕಂತೆ. ನಿನ್ನ ಸಮಿತೀಲಿ ನಾಲಿಗೆ ನೇರ ಇರೋರಿಗೆ ಹೇಳೋಕೆ ಬರೋ ಹೆಸರು ಒಂದೂ ಇರ್ಲಿಲ್ವಾ? ಇರ್ಲಿ ಬಿಡು. ಮಗ ಇಟ್ಟ ಹೆಸರು, ಕೂಗ್ತೀನಿ.

ಬೇಸಿಗೆಗೆ ಎಂದಿನಂಗೆ ಆ ಕಡೆ ನಿನ್ನ ಚಿಕ್ಕಮ್ಮನ ಮನೆಗೆ ಹೋಗ್ತೀನಿ. ಅವಳ ಕಣ್ಣು ಪೂರ್ತಿ ಮಬ್ಬಾಯ್ತಂತೆ. ಮುಖ ಮುಟ್ಟಿ ನೋಡಿ ಗುರುತು ಹಿಡೀತಾಳಂತೆ. ತಂಗಿ ಮುಂದೆ ಹೊಂಗೋಲ ಅಂದ್ರೆ ಬಿದ್ದು ಬಿದ್ದು ನಗ್ತಾಳೆ.

ಹೊತ್ತಿಗೆ ಸರಿಯಾಗಿ ಉಣ್ಣು.

ಅಮ್ಮ


೨ ಮಾರ್ಚ್

ಅಕ್ಕಾ, ಅಮ್ಮಾ,

ಗೆದ್ದೆವು! ಚರಿತ್ರೆ ಅಂಗೀಕಾರವಾಯಿತು. 'ಹೊಂಗೋಳ' ಈ ವರ್ಷದ ಅತ್ಯುತ್ತಮ ಪದವೆಂದು ಪಿತಾಮಹರು ಹೊಗಳಿದರು. ಮುಖದಲ್ಲಿ ನಗೆಯ ಹೋಲಿಕೆಯದೇನೋ ಕಾಣಿಸಿತು, ಹಲ್ಲುನೋವೂ ಇರಬಹುದು. ನನ್ನನ್ನು ಉಪಕಾರ್ಯದರ್ಶಿ ಮಾಡಿದ್ದಾರೆ. ಉಪಕಾರವನ್ನೂ ಕಾರ್ಯವನ್ನೂ ಒಂದೇ ಕುರ್ಚಿಯಲ್ಲಿ ಕೂಡಿಸಿದ ಹುದ್ದೆ ಇದೊಂದೇ.

ಪರವಾನಗಿ ಅಂಚೆಯಲ್ಲಿ ಬರುತ್ತದೆ. ಚರಿತ್ರೆಯ ಪ್ರತಿಗಳು ಪುರಸಭೆಗೆ, ಪೊಲೀಸರಿಗೆ, ಸೇತುವೆ ಕಚೇರಿಗೆ, ಗ್ರಂಥಾಲಯಕ್ಕೆ ಹೋಗಿವೆ. ನನ್ನ ಬರಹಕ್ಕೆ ಇಷ್ಟು ಓದುಗರು ಎಂದೂ ಸಿಕ್ಕಿರಲಿಲ್ಲ.

ನಿಮ್ಮ ಉಪಕಾರ್ಯದರ್ಶಿ


೬ ಏಪ್ರಿಲ್

ತಮ್ಮಾ,

ನಿನ್ನ ಓದುಗರಲ್ಲಿ ಒಬ್ಬರನ್ನು ನಿನ್ನೆ ಭೇಟಿಯಾದೆವು.

ಅಮ್ಮ ಹೊಸ ಸೀರೆ ಉಟ್ಟು, ಚಿಕ್ಕಮ್ಮನಿಗೆಂದು ಬಿಸಿ ರೊಟ್ಟಿಯ ಗಂಟು ಹಿಡಿದು ಸೇತುವೆಗೆ ಹೊರಟಳು. ನಾನು ಚೀಲ ಹೊತ್ತು ಜೊತೆಗೆ ಹೋದೆ. ಕಿಟಕಿಯ ಹಿಂದಿದ್ದ ಗುಮಾಸ್ತ ಪ್ರತಿ ವರ್ಷ ಇವಳ ದಾಟುಚೀಟಿಗೆ ಮುದ್ರೆ ಒತ್ತುವವನೇ. ಈ ಸಲ ಒತ್ತಲಿಲ್ಲ.

"ಅಮ್ಮ, ಆ ಕಡೆ ಹುಟ್ಟಿದೋರಿಗೆ, ಅವರ ಒಡಹುಟ್ಟಿದೋರಿಗೆ ಮಾತ್ರ ಈ ಚೀಟಿ. ನೀವು ಈ ಬೀದಿಯೋರಂತಲ್ಲ? ಮೇಲಿಂದ ಬಂದಿದೆ. ಹಳೇ ಚೀಟಿ ತಪ್ಪಾಗಿ ಕೊಟ್ಟಿದ್ದಂತೆ, ವಾಪಸ್ ಇಸ್ಕೊಳ್ಳಿ ಅಂದಿದಾರೆ."

"ಏನಪ್ಪಾ, ನೀನೇ ಪ್ರತಿ ವರ್ಷ ನನ್ನ ತಂಗಿ ಹೇಗಿದಾಳೆ ಅಂತ ಕೇಳ್ತಿದ್ಯಲ್ಲೋ."

"ಕೇಳ್ತಿದ್ದೆ" ಎಂದ. ತಲೆ ಎತ್ತಲಿಲ್ಲ. "ಈಗ ನಿಮಗೆ ತಂಗಿ ಇಲ್ಲ ಅಮ್ಮ. ಕಾಗದದ ಪ್ರಕಾರ."

ಅಮ್ಮ ಅಳಲಿಲ್ಲ. ಕಂಬಿಯ ಹತ್ತಿರ ಹೋಗಿ ನಿಂತಳು. ಆಚೆ ತುದಿಯಲ್ಲಿ ಚಿಕ್ಕಮ್ಮನನ್ನು ಸೊಸೆ ಕರೆತಂದು ಕುರ್ಚಿಯ ಮೇಲೆ ಕೂರಿಸಿದ್ದಳು. ಕಣ್ಣು ಕಾಣದವಳು ಸೇತುವೆಯ ಕಡೆಗೆ ಮುಖ ಮಾಡಿ ಕೂತಿದ್ದಳು. ಅಷ್ಟು ದೂರಕ್ಕೆ ಕೂಗು ತಲುಪುವುದಿಲ್ಲ, ಲಾರಿಗಳ ಸದ್ದು. ಅವರು ಎದ್ದು ಹೋಗುವವರೆಗೂ ನಾವು ನಿಂತಿದ್ದೆವು.

ಅಂಗಡಿಯಲ್ಲೂ ಸುಖವಿಲ್ಲ. ದಿನವೂ "ಹೊಂಗೋಲ" ಎಂದು ಕೂಗುತ್ತಾಳೆ, ಬೀದಿ ನಗುತ್ತದೆ. ಮೊನ್ನೆ ಇನ್‌ಸ್ಪೆಕ್ಟರ್ ನಗದೆ ಕೇಳಿದ: "ಇಲ್ಲೇ ಹುಟ್ಟಿದೋರು ಹೀಗಾ ಅಜ್ಜಿ ಮಾತಾಡೋದು?" ಲುಮ್ಮಿ ಎನ್ನುತ್ತಿದ್ದಾಗ ಅವಳ ನಾಲಿಗೆಯನ್ನು ಯಾರೂ ಗಮನಿಸಿದ್ದೇ ಇಲ್ಲ. ನೀನು ಕೊಟ್ಟದ್ದು ಹೊಂಗೋಳವಲ್ಲ, ಹೊನ್ನಿನ ಗೋಳು.

ಆ ಪುಟವನ್ನು ವಾಪಸ್ ತೆಗೆದುಕೋ.

ಅಕ್ಕ


೧೮ ಏಪ್ರಿಲ್

ಅಕ್ಕಾ,

ಚಿಕ್ಕಮ್ಮ ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆಯಾಚೆ ಇದ್ದಾಳಲ್ಲ, ಅದಕ್ಕಿರಬೇಕು. ನೋಡು, ಈಗಲೂ ಪದವೇ ಮೊದಲು ಬಂತು; ಸಂಕಟ ಹಿಂದಿನಿಂದ ಕುಂಟುತ್ತ ಬರುತ್ತಿದೆ.

ಆದರೆ ವಾಪಸ್ ತೆಗೆದುಕೊಳ್ಳುವುದು ನೀನು ಅಂದುಕೊಂಡಷ್ಟು ಸುಲಭವಲ್ಲ. ಪುಟ ಸುಳ್ಳೆಂದರೆ ರೊಟ್ಟಿ ಆಚೆಯದೆಂದಾಗುತ್ತದೆ, ಆ ಕ್ಷಣವೇ ಬೇಕರಿಗೆ ಬೀಗ. ಬರೆದವನಿಗ್ಯಾವ ಸನ್ಮಾನ ಎಂದು ಹೇಳಬೇಕಿಲ್ಲ. ಸ್ವಲ್ಪ ತಾಳು. ಕಾವು ಇಳಿಯಲಿ. ಇಲ್ಲಿ ಕೇಕಿನ ವಿಚಾರದಲ್ಲಿ ಎರಡು ಗುಂಪಾಗಿ ಕೇಕೆ ಹಾಕುತ್ತಿದ್ದಾರೆ. ಆ ಗದ್ದಲದಲ್ಲಿ ಸೇತುವೆ ಕಚೇರಿಯವರಿಗೆ ಸದ್ದಿಲ್ಲದೆ ಒಂದು ಟಿಪ್ಪಣಿ ಕಳಿಸಬಹುದೇನೋ ನೋಡುತ್ತೇನೆ. ಅಮ್ಮನಿಗೆ ಏನಾದರೂ ಹೇಳು. ಏನು ಹೇಳಬೇಕೆಂದು ನನಗೆ ತೋಚುತ್ತಿಲ್ಲ.

ತಮ್ಮ


೫ ಮೇ

ತಮ್ಮಾ,

ನಿನ್ನ ಕಾಗದವನ್ನು ಓದಿ ಹೇಳಿದೆ. ಕೇಕೆಯ ಭಾಗಕ್ಕೆ ಅಮ್ಮ ನಗಲಿಲ್ಲ. "ಬರ್ತಾನಂತಾ?" ಎಂದು ಮಾತ್ರ ಕೇಳಿದಳು.

ಚಿಕ್ಕಮ್ಮ ಲಾರಿ ಡ್ರೈವರನ ಬಾಯಲ್ಲಿ ಹೇಳಿ ಕಳಿಸಿದ್ದಾಳೆ: "ನಾನೇನು ತಪ್ಪು ಮಾಡ್ದೆ? ಯಾಕೆ ಬರ್ಲಿಲ್ಲ?"

ಅಕ್ಕ


೨ ಜೂನ್

ತಮ್ಮಾ,

ಭಟ್ಟಿ ಆರಿದೆ. ಊರಿನವರ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳು.

ನಿನ್ನೆ ನಾನು ಮೊಟ್ಟೆ ತರಲು ಹೋಗಿದ್ದಾಗ ಅಮ್ಮ ಪರವಾನಗಿಯನ್ನು ಗೋಡೆಯಿಂದ ಇಳಿಸಿ, ಸೆರಗಿನಲ್ಲಿ ಧೂಳು ಒರೆಸಿ, ಇನ್‌ಸ್ಪೆಕ್ಟರನ ಆಫೀಸಿಗೆ ನಡೆದಿದ್ದಾಳೆ. ಅವನ ಮೇಜಿನ ಮೇಲಿಟ್ಟು, "ಇದು ಸುಳ್ಳು. ನಾನು ಆ ಕಡೆಯೋಳು. ರೊಟ್ಟಿ ನಂದು. ಅಂಗಡಿ ಉಳಿಸ್ಕೊಳ್ಳೋಕೆ ನಾನೇ ಕಥೆ ಕಟ್ಟಿ ಮಗನಿಗೆ ಹೇಳ್ದೆ, ಅವನು ಪಾಪ ನಂಬಿದ. ಅಪ್ಪನ ವಿಷಯ ಅಮ್ಮ ಹೇಳಿದ್ರೆ ಯಾವ ಮಗ ನಂಬಲ್ಲ?" ಎಂದಿದ್ದಾಳೆ. ಹೇಳಿಕೆಯ ಕೆಳಗೆ ಸಹಿ ಹಾಕು ಎಂದು ಅವನು ಇಂಕಿನ ಡಬ್ಬಿ ಸರಿಸಿದನಂತೆ. "ಪೆನ್ನು ಕೊಡಪ್ಪ" ಎಂದಳಂತೆ. ತನ್ನ ಅಕ್ಷರದಲ್ಲೇ ಹಾಕಿ ಬಂದಿದ್ದಾಳೆ.

ಸಂಜೆ ಬಂದು ಬೀಗಕ್ಕೆ ಅರಗಿನ ಮುದ್ರೆ ಹಾಕಿದರು. ಇನ್‌ಸ್ಪೆಕ್ಟರ್ ಈ ಸಲ ಏನೂ ತಿನ್ನಲಿಲ್ಲ. ದರ್ಜಿ ತನ್ನ ಅಂಗಡಿಯಿಂದ ಎರಡು ಕುರ್ಚಿ ತಂದು ನಮ್ಮನ್ನು ಕೂರಿಸಿದ.

ನನಗೆ ಅಮ್ಮನ ಮೇಲೆ ಸಿಟ್ಟು ಬಂದಿದೆ. ಈ ಅಂಗಡಿ ನನ್ನದೂ ಆಗಿತ್ತು. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಅಕ್ಕ


೧೪ ಜೂನ್

ಮಾನ್ಯ ಅಧ್ಯಕ್ಷರಿಗೆ,

ನಿನ್ನೆಯ ಸಭೆಯಲ್ಲಿ ತಾವು ನನ್ನ ಹೆಗಲು ತಟ್ಟಿ, ಹೆತ್ತ ತಾಯಿಯಿಂದಲೇ ವಂಚಿತನಾದ ಪ್ರಾಮಾಣಿಕ ಎಂದು ಕೊಂಡಾಡಿದಿರಿ. ಸದಸ್ಯರು ಮೇಜು ಕುಟ್ಟಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ತಾವು ಅದನ್ನು ವಿನಯವೆಂದು ತಿಳಿದಿರಿ.

ಆ ಪುಟವನ್ನು ಬರೆದವನು ನಾನು, ಶೀರ್ಷಿಕೆಯಿಂದ ಕೊನೆಯ ಸಾಲಿನವರೆಗೆ. ನನ್ನ ತಾಯಿ ಏನನ್ನೂ ಕಟ್ಟಿ ಹೇಳಲಿಲ್ಲ. ಮಗ ಬರೆದದ್ದೆಂದು ಬೆರಳು ಒತ್ತಿದಳು. ಅವಳು ಹುಟ್ಟಿದ್ದು ಆಚೆದಡದಲ್ಲಿ. ಅಲ್ಲಿ ಅವಳಿಗೆ ಕಣ್ಣು ಕಾಣದ ಒಬ್ಬ ತಂಗಿಯಿದ್ದಾಳೆ. ಲುಮ್ಮಿ ಎಂದರೆ ಕಂಕುಳು. ತಾವು ಕೇಳಿದಾಗ ನನಗೆ ತಿಳಿದಿತ್ತು.

'ಹೊಂಗೋಳ'ವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಅದು ಒಳ್ಳೆಯ ಪದ. ಆದರೆ ಅದನ್ನು ಕೂಗಬೇಕಾದವಳು ಯಾರೆಂದು ಕಟ್ಟುವಾಗ ನಾನು ಯೋಚಿಸಲಿಲ್ಲ. ಅವಳ ಮಾತು ಕೇಳುತ್ತಲೇ ಬೆಳೆದವನು ನಾನು.

ತಮ್ಮ ಮುಂದಿನ ಕ್ರಮಕ್ಕೆ ಕಾಯುತ್ತಿರುವೆ.

ಉಪಕಾರ್ಯದರ್ಶಿ (ಈ ಪತ್ರ ತಲುಪುವವರೆಗೆ)

ಪ್ರತಿ: ಅಕ್ಕನಿಗೆ


೨೮ ಜೂನ್

ತಮ್ಮಾ,

ನಿನ್ನ ಪ್ರತಿ ಬಂತು. ಅಮ್ಮ ಖುಷಿಪಡುತ್ತಾಳೆ ಎಂದುಕೊಂಡಿದ್ದರೆ ಕೇಳು.

"ಅಯ್ಯೋ ಪೆದ್ದ! ಅಂಗಡಿ ಹೋದ್ರೆ ಹೋಗ್ಲಿ, ಅವನ ಕೆಲ್ಸನಾದ್ರೂ ಉಳೀಲಿ ಅಂತ ಆ ಇನ್‌ಸ್ಪೆಕ್ಟರ್ ಮುಂದೆ ನಾನು ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ನಲ್ಲ, ಎಲ್ಲಾ ನೀರುಪಾಲು ಮಾಡ್ದ! ನಿಜ ಹೇಳೋಕೆ ಇವನಿಗೆ ಬೇರೆ ಹೊತ್ತು ಸಿಗ್ಲಿಲ್ವಾ? ಜನವರೀಲಿ ಬಾಯಿಗೆ ಏನು ತುಂಬ್ಕೊಂಡಿದ್ದ?"

ಇಡೀ ದಿನ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಮರುದಿನ "ಆ ಕಾಗದ ಇನ್ನೊಂದ್ಸಲ ಓದು" ಎಂದಳು. 'ಅವಳು ಹುಟ್ಟಿದ್ದು ಆಚೆದಡದಲ್ಲಿ' ಎಂಬಲ್ಲಿಗೆ ಬಂದಾಗ ಕೈ ಎತ್ತಿದಳು. "ಅಷ್ಟು ಸಾಕು. ಮಿಕ್ಕಿದ್ದು ಸಾಹೇಬ್ರಿಗೆ ಬರೆದಿದ್ದು."

ದಾಟುಚೀಟಿ ವಾಪಸ್ ಬಂದಿದೆ. ಸೋಮವಾರ ಹೋಗುತ್ತಾಳೆ. ನೀನು ಮಂಗಳವಾರ ಬಾ. ಅದಕ್ಕೆ ಮೊದಲು ಬರಕೂಡದಂತೆ. "ಅವನ ಮುಖ ನೋಡಿದ್ರೆ ನಾನು ಹೋಗಲ್ಲ" ಎಂದಳು. ನೀನೂ ನಾನೂ ಮುಂದೆ ಏನು ಮಾಡುವುದೆಂದು ನನಗೆ ಗೊತ್ತಿಲ್ಲ; ಬಂದ ಮೇಲೆ ಕೂತು ಜಗಳವಾಡೋಣ. ನನಗೆ ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅಮ್ಮನ ಸೀರೆಗಳನ್ನು ಮಡಿಸುತ್ತಿದ್ದೆ. ಈ ಸಲ ಉಣ್ಣೆಯ ಶಾಲನ್ನೂ ಚೀಲಕ್ಕೆ ಹಾಕು ಎಂದಳು. ಚಳಿಗಾಲದ ಶಾಲು ಈಗಲೇ ಯಾಕೆ ಎಂದು ನಾನು ಕೇಳಲಿಲ್ಲ. ಎಷ್ಟು ದಿನ ಇರುತ್ತೀಯ ಎಂದು ಕೇಳಿದೆ.

"ಈಗ ಅಲ್ಲೂ ನನ್ನನ್ನ ಈಚೆದಡದೋಳು ಅಂತಾರಂತೆ. ನೋಡ್ಬೇಕು. ಎಲ್ಲಿಯೋಳು ಅಂತ ಯಾರೂ ಕೇಳ್ದೇ ಇದ್ರೆ ಇರ್ತೀನಿ. ಕೇಳಿದ್ರೆ ಬಂದ್ಬಿಡ್ತೀನಿ."

"ಇಲ್ಲೂ ಕೇಳ್ತಾರಲ್ಲಮ್ಮ."

ಶಾಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಮಡಿಸಿದಳು.

"ಇಲ್ಲಾದ್ರೆ ಉತ್ತರ ಕೊಡೋಕೆ ನೀವಿಬ್ರಿದೀರಲ್ಲ" ಎಂದಳು.

ನಿನ್ನ ಅಕ್ಕ